ಹಿಂದಕ್ಕೆ ಚಿಮ್ಮುವ ನ್ಯೂಕ್ಲಿಯಸ್: ಆಲ್ಫಾ ಕ್ಷಯದಲ್ಲಿ ಶಕ್ತಿ ಮತ್ತು ಸಂವೇಗ

ಮಾನ್ಯರೇ,

ಪೊಲೋನಿಯಂ-210ಕ್ಕೆ ಸಂಬಂಧಿಸಿದ ಎರಡು ಸಂಖ್ಯೆಗಳನ್ನು ಮುಂದಿಟ್ಟು ಈ ಉಪನ್ಯಾಸವನ್ನು ಆರಂಭಿಸುತ್ತೇನೆ. ಅದರ ಒಂದು ನ್ಯೂಕ್ಲಿಯಸ್ ಆಲ್ಫಾ ಕಣವನ್ನು, ಅಂದರೆ ಎರಡು ಪ್ರೋಟಾನ್ ಮತ್ತು ಎರಡು ನ್ಯೂಟ್ರಾನುಗಳಿರುವ ಹೀಲಿಯಂ-4ರ ನ್ಯೂಕ್ಲಿಯಸ್ಸನ್ನು, ಹೊರಸೂಸಿ ಸೀಸ-206 ಆಗಿ ಬದಲಾಗುವಾಗ ಬಿಡುಗಡೆಯಾಗುವ ಒಟ್ಟು ಶಕ್ತಿ 5.407 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಈ ಏಕಮಾನವನ್ನು ಮುಂದೆ ಎಂಇವಿ ಎಂದೂ, ಅದರ ಸಾವಿರದ ಒಂದು ಭಾಗವನ್ನು ಕೆಇವಿ ಎಂದೂ ಕರೆಯುತ್ತೇನೆ. ಹೊರಬಂದ ಆಲ್ಫಾ ಕಣದ ಚಲನಶಕ್ತಿಯನ್ನು ಅಳೆದರೆ ಸಿಗುವುದು 5.304 ಎಂಇವಿ. ಇವೆರಡರ ನಡುವಿನ 103 ಕೆಇವಿ ಒಟ್ಟು ಶಕ್ತಿಯ ಶೇಕಡಾ ಎರಡಕ್ಕಿಂತಲೂ ಕಡಿಮೆ. ಆಲ್ಫಾ ಕ್ಷಯವನ್ನು ಪರಿಚಯಿಸುವ ಪಾಠಗಳಲ್ಲಿ ಈ ಸಣ್ಣ ಭಾಗವನ್ನು ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ಆ ಭಾಗ ಎಲ್ಲಿಗೆ ಹೋಗುತ್ತದೆ, ಅಷ್ಟೇ ಪ್ರಮಾಣದಲ್ಲಿ ಏಕೆ ಹೋಗುತ್ತದೆ, ಹೋದ ಮೇಲೆ ಏನು ಮಾಡುತ್ತದೆ ಎಂಬುದನ್ನು ವಿವರವಾಗಿ ನೋಡಿದರೆ ಆಲ್ಫಾ ಕ್ಷಯದ ಮುಖ್ಯ ಸಂಗತಿಗಳೆಲ್ಲ ಅದರೊಳಗೇ ಸಿಗುತ್ತವೆ ಎಂಬುದು ನನ್ನ ನಂಬಿಕೆ.

ಮೊದಲು ಶಕ್ತಿಯ ಮೂಲವನ್ನು ನೋಡೋಣ. ರೇಡಿಯಂ ತನ್ನಷ್ಟಕ್ಕೆ ತಾನೇ ಶಾಖವನ್ನು ಹೊರಸೂಸುತ್ತದೆ, ಒಂದು ಗ್ರಾಂ ರೇಡಿಯಂನಿಂದ ಗಂಟೆಗೆ ಸುಮಾರು ನೂರು ಕ್ಯಾಲೊರಿಯಷ್ಟು ಶಾಖ ಬರುತ್ತದೆ ಎಂದು ಪಿಯರ್ ಕ್ಯೂರಿ ಮತ್ತು ಆಲ್ಬರ್ಟ್ ಲಾಬೋರ್ದ್ 1903ರಲ್ಲಿ ತೋರಿಸಿದಾಗ, ಆ ಶಾಖ ಎಲ್ಲಿಂದ ಬರುತ್ತಿದೆ ಎಂದು ವಿವರಿಸಬಲ್ಲ ಸಿದ್ಧಾಂತ ಯಾರ ಬಳಿಯೂ ಇರಲಿಲ್ಲ. ಎರಡು ವರ್ಷಗಳ ನಂತರ ದ್ರವ್ಯರಾಶಿ ಮತ್ತು ಶಕ್ತಿಗಳ ಸಮಾನತೆಯನ್ನು ಮಂಡಿಸಿದ ಐನ್‌ಸ್ಟೈನ್, ಈ ಸಿದ್ಧಾಂತವನ್ನು ರೇಡಿಯಂ ಲವಣಗಳಂಥ ವಸ್ತುಗಳಲ್ಲಿ ಪರೀಕ್ಷಿಸಲು ಸಾಧ್ಯವಾಗಬಹುದು ಎಂದು ತಮ್ಮ ಲೇಖನದ ಕೊನೆಯಲ್ಲಿ ಸೂಚಿಸಿದರು. ಇಂದು ಆ ಪರೀಕ್ಷೆಯನ್ನು ಒಂದು ವ್ಯವಕಲನದಿಂದ ಮಾಡಿ ನೋಡಬಹುದು. ಪೊಲೋನಿಯಂ-210ರ ಪರಮಾಣು ದ್ರವ್ಯರಾಶಿ 209.982874 ಏಕಮಾನ, ಸೀಸ-206ರದು 205.974465, ಹೀಲಿಯಂ-4ರದು 4.002603. ಮೊದಲನೆಯದರಿಂದ ಉಳಿದೆರಡನ್ನು ಕಳೆದರೆ 0.005806 ಏಕಮಾನ ಉಳಿಯುತ್ತದೆ. ಒಂದು ಪರಮಾಣು ದ್ರವ್ಯರಾಶಿ ಏಕಮಾನವು 931.494 ಎಂಇವಿಗೆ ಸಮ. ಗುಣಿಸಿದರೆ ನಾವು ಹೇಳಿದ ಒಟ್ಟು ಶಕ್ತಿ ಬರುತ್ತದೆ, ಕೊನೆಯ ಅಂಕಿಯಲ್ಲಿ ಕಾಣುವ ಒಂದರ ವ್ಯತ್ಯಾಸ ದಶಮಾಂಶಗಳನ್ನು ಮೊಟಕುಗೊಳಿಸಿದ್ದರಿಂದ ಬಂದದ್ದು. ಇಲ್ಲಿ ನ್ಯೂಕ್ಲಿಯಸ್ಸಿನ ಬದಲು ಇಡೀ ಪರಮಾಣುವಿನ ದ್ರವ್ಯರಾಶಿಯನ್ನು ಬಳಸಬಹುದು, ಏಕೆಂದರೆ ಪೊಲೋನಿಯಂನ 84 ಎಲೆಕ್ಟ್ರಾನುಗಳು ಸೀಸದ 82 ಮತ್ತು ಹೀಲಿಯಂನ 2 ಎಲೆಕ್ಟ್ರಾನುಗಳಿಗೆ ಸರಿಯಾಗಿ ಹೊಂದಿ ಲೆಕ್ಕದಿಂದ ಹೊರಬೀಳುತ್ತವೆ.

ನ್ಯೂಕ್ಲಿಯಸ್ ಇದೇ ನಾಲ್ಕು ಕಣಗಳ ಗುಂಪನ್ನೇ ಏಕೆ ಹೊರಗೆ ಕಳುಹಿಸುತ್ತದೆ, ಒಂದು ಪ್ರೋಟಾನನ್ನು ಏಕೆ ಕಳುಹಿಸುವುದಿಲ್ಲ ಎಂಬ ಪ್ರಶ್ನೆಗೂ ಇದೇ ವ್ಯವಕಲನ ಉತ್ತರ ಕೊಡುತ್ತದೆ. ಪೊಲೋನಿಯಂ-210ರಿಂದ ಒಂದು ಪ್ರೋಟಾನ್ ಹೊರಬಂದರೆ ಉಳಿಯುವುದು ಬಿಸ್ಮತ್-209. ಈ ಎರಡರ ದ್ರವ್ಯರಾಶಿಗಳ ಮೊತ್ತವು ಮೂಲ ಪೊಲೋನಿಯಂನ ದ್ರವ್ಯರಾಶಿಗಿಂತ ಹೆಚ್ಚು. ಅಂದರೆ ಸುಮಾರು 5 ಎಂಇವಿ ಶಕ್ತಿಯನ್ನು ಹೊರಗಿನಿಂದ ಕೊಟ್ಟರೆ ಮಾತ್ರ ಅದು ಸಾಧ್ಯ. ಹೀಲಿಯಂ-4ರ ನಾಲ್ಕು ಕಣಗಳು 28.3 ಎಂಇವಿಯಷ್ಟು ಬಂಧನ ಶಕ್ತಿಯಿಂದ ಬಿಗಿದುಕೊಂಡಿರುವುದರಿಂದ, ಅವು ಒಟ್ಟಾಗಿ ಹೊರಟಾಗ ಮಾತ್ರ ಲೆಕ್ಕದಲ್ಲಿ ಶಕ್ತಿ ಮಿಗುತ್ತದೆ.

ಇನ್ನು ಹಂಚಿಕೆಯ ವಿಷಯ. ಕ್ಷಯಿಸುವ ಮೊದಲು ನ್ಯೂಕ್ಲಿಯಸ್ ನಿಶ್ಚಲವಾಗಿತ್ತು ಎಂದುಕೊಳ್ಳೋಣ. ಅದರ ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ, ಸೊನ್ನೆ. ಹೊರಗಿನಿಂದ ಯಾವ ಬಲವೂ ಬೀಳದ ಕಾರಣ ಕ್ಷಯದ ನಂತರವೂ ಒಟ್ಟು ಸಂವೇಗ ಸೊನ್ನೆಯೇ ಆಗಿರಬೇಕು. ಆದ್ದರಿಂದ ಆಲ್ಫಾ ಕಣ ಯಾವ ದಿಕ್ಕಿಗೆ ಹೋದರೂ ಸೀಸದ ನ್ಯೂಕ್ಲಿಯಸ್ ಅದರ ನೇರ ವಿರುದ್ಧ ದಿಕ್ಕಿಗೆ, ಅಷ್ಟೇ ಪರಿಮಾಣದ ಸಂವೇಗದೊಂದಿಗೆ ಚಿಮ್ಮುತ್ತದೆ. ಸಂವೇಗ ಸಮನಾಗಿ ಹಂಚಿಹೋದರೂ ಶಕ್ತಿ ಸಮನಾಗಿ ಹಂಚಿಹೋಗುವುದಿಲ್ಲ. ಚಲನಶಕ್ತಿಯು ಸಂವೇಗದ ವರ್ಗವನ್ನು ದ್ರವ್ಯರಾಶಿಯ ಎರಡರಷ್ಟರಿಂದ ಭಾಗಿಸಿದಾಗ ಬರುವ ಮೌಲ್ಯವಾದ್ದರಿಂದ, ಒಂದೇ ಸಂವೇಗವಿರುವ ಎರಡು ಕಾಯಗಳಲ್ಲಿ ಹಗುರವಾದುದಕ್ಕೆ ಹೆಚ್ಚು ಶಕ್ತಿಯೂ ಭಾರವಾದುದಕ್ಕೆ ಕಡಿಮೆ ಶಕ್ತಿಯೂ ಸಲ್ಲುತ್ತದೆ. ನಿಂತ ದೋಣಿಯಿಂದ ದಡಕ್ಕೆ ಹಾರಿದವನಿಗೂ ಹಿಂದೆ ಸರಿದ ದೋಣಿಗೂ ಇರುವ ಸಂಬಂಧ ಇದೇ. ಪೊಲೋನಿಯಂನ ವಿಷಯದಲ್ಲಿ ಅನುಪಾತ 206ಕ್ಕೆ 4. ಒಟ್ಟು ಶಕ್ತಿಯನ್ನು 210 ಪಾಲು ಮಾಡಿದರೆ 206 ಪಾಲು ಆಲ್ಫಾ ಕಣಕ್ಕೆ, 4 ಪಾಲು ಸೀಸಕ್ಕೆ. 5.407ನ್ನು 206ರಿಂದ ಗುಣಿಸಿ 210ರಿಂದ ಭಾಗಿಸಿದರೆ 5.304 ಬರುತ್ತದೆ, ಪ್ರಯೋಗಶಾಲೆಯಲ್ಲಿ ಅಳೆದ ಮೌಲ್ಯವೂ ಅದೇ.

ವೇಗಗಳನ್ನೂ ಗಮನಿಸಬೇಕು. ಆಲ್ಫಾ ಕಣದ ವೇಗ ಸೆಕೆಂಡಿಗೆ ಸುಮಾರು 16,000 ಕಿಲೋಮೀಟರ್, ಅಂದರೆ ಬೆಳಕಿನ ವೇಗದ ಶೇಕಡಾ ಐದಕ್ಕಿಂತ ಸ್ವಲ್ಪ ಹೆಚ್ಚು. ಈ ವೇಗದಲ್ಲಿ ಸಾಪೇಕ್ಷತಾ ಸಿದ್ಧಾಂತದ ತಿದ್ದುಪಡಿ ತೀರಾ ಅಲ್ಪವಾದ್ದರಿಂದ ಶಾಲೆಯಲ್ಲಿ ಕಲಿತ ಚಲನಶಕ್ತಿಯ ಸೂತ್ರವೇ ಇಲ್ಲಿ ಸಾಕಾಗುತ್ತದೆ. ಸೀಸದ ನ್ಯೂಕ್ಲಿಯಸ್ಸಿನ ವೇಗ ಸೆಕೆಂಡಿಗೆ ಸುಮಾರು 310 ಕಿಲೋಮೀಟರ್. ಆಲ್ಫಾ ಕಣದ ಎದುರಿಗೆ ನಿಧಾನವೆಂದು ಕಂಡರೂ ಕೋಣೆಯ ಉಷ್ಣತೆಯಲ್ಲಿ ಅದೇ ಪರಮಾಣು ಕಂಪಿಸುವ ವೇಗಕ್ಕೆ ಹೋಲಿಸಿದರೆ ಇದು ಸಾವಿರಾರು ಪಟ್ಟು ಹೆಚ್ಚು.

ಈ ಸರಳ ಲೆಕ್ಕದಲ್ಲಿ ಅಡಗಿರುವ ಒಂದು ಕಟ್ಟುಪಾಡನ್ನು ಒತ್ತಿ ಹೇಳಬಯಸುತ್ತೇನೆ. ನಮಗೆ ಗೊತ್ತಿಲ್ಲದ ಮೌಲ್ಯಗಳು ಎರಡು: ಆಲ್ಫಾ ಕಣದ ವೇಗ ಮತ್ತು ಜನ್ಯ ನ್ಯೂಕ್ಲಿಯಸ್ಸಿನ, ಅಂದರೆ ಕ್ಷಯದಿಂದ ಹುಟ್ಟಿದ ನ್ಯೂಕ್ಲಿಯಸ್ಸಿನ, ವೇಗ. ಅವು ಪಾಲಿಸಬೇಕಾದ ನಿಯಮಗಳೂ ಎರಡು: ಶಕ್ತಿ ಸಂರಕ್ಷಣೆ ಮತ್ತು ಸಂವೇಗ ಸಂರಕ್ಷಣೆ. ಆದ್ದರಿಂದ ಉತ್ತರ ಒಂದೇ. ನ್ಯೂಕ್ಲಿಯಸ್ ಯಾವ ಕ್ಷಣದಲ್ಲಿ ಕ್ಷಯಿಸುತ್ತದೆ ಎಂಬುದನ್ನು ಯಾರೂ ಮುಂಚಿತವಾಗಿ ಹೇಳಲಾರರು. ಆಲ್ಫಾ ಕಣ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನೂ ಹೇಳಲಾರರು. ಆದರೆ ಅದು ಎಷ್ಟು ಶಕ್ತಿಯೊಂದಿಗೆ ಹೋಗುತ್ತದೆ ಎಂಬಲ್ಲಿ ಆಕಸ್ಮಿಕಕ್ಕೆ ಎಡೆಯೇ ಇಲ್ಲ. ಕಣಗಳ ಜಾಡನ್ನು ಸಣ್ಣ ಹನಿಗಳ ಸಾಲಾಗಿ ತೋರಿಸುವ ಮೋಡಕೋಷ್ಠದಲ್ಲಿ ಒಂದೇ ಆಕರದಿಂದ ಹೊರಟ ಆಲ್ಫಾ ಕಣಗಳ ಜಾಡುಗಳು ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬಂದು ನಿಲ್ಲುವುದಕ್ಕೆ ಕಾರಣ ಇದು.

ಈ ಕಟ್ಟುಪಾಡಿನ ಬೆಲೆ ಅರ್ಥವಾಗುವುದು ಅದು ಇಲ್ಲದ ಕಡೆ. ನಮ್ಮ ಪೊಲೋನಿಯಂ-210 ಹುಟ್ಟುವುದು ಬಿಸ್ಮತ್-210ರ ಬೀಟಾ ಕ್ಷಯದಿಂದ. ಬೀಟಾ ಕ್ಷಯದಲ್ಲಿಯೂ ನ್ಯೂಕ್ಲಿಯಸ್ಸಿನಿಂದ ಹೊರಬರುವುದು ಒಂದೇ ಕಣ, ಒಂದು ಎಲೆಕ್ಟ್ರಾನ್, ಎಂದು ಮೊದಲಿಗೆ ಎಲ್ಲರೂ ತಿಳಿದಿದ್ದರು. ಹಾಗಿದ್ದರೆ ಅದಕ್ಕೂ ಒಂದೇ ನಿಶ್ಚಿತ ಶಕ್ತಿ ಇರಬೇಕಿತ್ತು. 1914ರಲ್ಲಿ ಜೇಮ್ಸ್ ಚಾಡ್ವಿಕ್ ಅಳೆದು ನೋಡಿದಾಗ ಎಲೆಕ್ಟ್ರಾನುಗಳ ಶಕ್ತಿ ಒಂದು ಗರಿಷ್ಠ ಮಿತಿಯವರೆಗೆ ನಿರಂತರವಾಗಿ ಹರಡಿಕೊಂಡಿರುವುದು ಕಂಡಿತು. ಎಲೆಕ್ಟ್ರಾನುಗಳು ಹೊರಗೆ ಬರುವ ದಾರಿಯಲ್ಲಿ ಶಕ್ತಿ ಕಳೆದುಕೊಳ್ಳುತ್ತಿರಬಹುದೆಂಬ ಸಂಶಯವನ್ನು 1927ರಲ್ಲಿ ಎಲ್ಲಿಸ್ ಮತ್ತು ವೂಸ್ಟರ್ ಪರಿಹರಿಸಿದರು. ಅವರು ಇದೇ ಬಿಸ್ಮತ್-210ನ್ನು ಶಾಖಮಾಪಕದೊಳಗಿಟ್ಟು ಪ್ರತಿ ಕ್ಷಯಕ್ಕೆ ಎಷ್ಟು ಶಾಖ ಬರುತ್ತದೆಂದು ಅಳೆದರು. ಗರಿಷ್ಠ ಶಕ್ತಿ ಒಂದು ಎಂಇವಿಗಿಂತ ಹೆಚ್ಚಿದ್ದರೂ ಸಿಕ್ಕ ಶಾಖ ಸುಮಾರು 0.35 ಎಂಇವಿ ಮಾತ್ರ. ಉಳಿದದ್ದು ಶಾಖಮಾಪಕದ ಗೋಡೆಗಳಿಗೂ ಸಿಗದೆ ಹೊರಟುಹೋಗಿತ್ತು. ಶಕ್ತಿ ಸಂರಕ್ಷಣಾ ನಿಯಮವು ಇಲ್ಲಿ ಸರಾಸರಿಯಾಗಿ ಮಾತ್ರ ಅನ್ವಯಿಸುತ್ತಿರಬಹುದೇ ಎಂದು ನೀಲ್ಸ್ ಬೋರ್ ಅವರಂಥವರೇ ಯೋಚಿಸುವ ಸ್ಥಿತಿ ಬಂತು. 1930ರ ಡಿಸೆಂಬರಿನಲ್ಲಿ ವುಲ್ಫ್‌ಗಾಂಗ್ ಪೌಲಿ ಬರೆದ ಪತ್ರದಲ್ಲಿ ಮೂರನೆಯ, ಕಾಣದ ಕಣವೊಂದರ ಸೂಚನೆ ಬಂತು. 1956ರಲ್ಲಿ ಕೊವನ್ ಮತ್ತು ರೈನ್ಸ್ ಅದರ ಇರವನ್ನು ಪ್ರಯೋಗದಿಂದ ತೋರಿಸಿದರು. ಮೂರು ಕಾಯಗಳ ನಡುವೆ ಹಂಚುವಾಗ ಎರಡು ನಿಯಮಗಳು ಉತ್ತರವನ್ನು ಒಂದಕ್ಕೆ ಕಟ್ಟಿಹಾಕಲಾರವು. ಒಂದೇ ನಿಶ್ಚಿತ ಶಕ್ತಿಯನ್ನು ತೋರಿಸುವ ಆಲ್ಫಾ ಕ್ಷಯದ ಚೂಪಾದ ರೇಖೆ ಮೊದಲೇ ಕಣ್ಣಮುಂದೆ ಇಲ್ಲದಿದ್ದರೆ ಬೀಟಾ ಕ್ಷಯದ ಹರಡಿದ ರೋಹಿತ, ಅಂದರೆ ಶಕ್ತಿಗಳ ಹರವು, ಅಷ್ಟು ದೊಡ್ಡ ಸಮಸ್ಯೆಯಾಗಿ ಕಾಣುತ್ತಿರಲಿಲ್ಲ ಎಂದು ನಾನು ಭಾವಿಸುತ್ತೇನೆ.

ಆಲ್ಫಾ ರೇಖೆ ಒಂದೇ ಎಂದೆನಾದರೂ ಎಲ್ಲ ಧಾತುಗಳಲ್ಲಿಯೂ ಅದು ನಿಜವಲ್ಲ. 1929ರಲ್ಲಿ ಸಾಲೊಮನ್ ರೋಸೆನ್‌ಬ್ಲಮ್ ಪ್ಯಾರಿಸ್ಸಿನ ಬಳಿಯ ಬೆಲ್‌ವ್ಯೂನಲ್ಲಿದ್ದ ದೊಡ್ಡ ವಿದ್ಯುತ್ಕಾಂತದ ನೆರವಿನಿಂದ ಆಲ್ಫಾ ಕಣಗಳನ್ನು ಬಾಗಿಸಿ ನೋಡಿದಾಗ, ಒಂದೇ ಎಂದು ತಿಳಿದಿದ್ದ ರೇಖೆಯು ಹತ್ತಿರ ಹತ್ತಿರದ ಹಲವು ರೇಖೆಗಳಾಗಿ ಒಡೆಯಿತು. ಜನ್ಯ ನ್ಯೂಕ್ಲಿಯಸ್ ಕೆಲವೊಮ್ಮೆ ತನ್ನ ತಳಸ್ಥಿತಿಯಲ್ಲಿ ಹುಟ್ಟದೆ ಸ್ವಲ್ಪ ಶಕ್ತಿಯನ್ನು ಒಳಗಿರಿಸಿಕೊಂಡು ಉತ್ತೇಜಿತ ಸ್ಥಿತಿಯಲ್ಲಿ ಹುಟ್ಟುವುದೇ ಇದಕ್ಕೆ ಕಾರಣ. ರೇಡಿಯಂ-226 ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಶೇಕಡಾ 94ರಷ್ಟು ಕ್ಷಯಗಳಲ್ಲಿ ಆಲ್ಫಾ ಕಣದ ಶಕ್ತಿ 4.784 ಎಂಇವಿ, ಉಳಿದವುಗಳಲ್ಲಿ ಬಹುಪಾಲು 4.601 ಎಂಇವಿ. ವ್ಯತ್ಯಾಸ 183 ಕೆಇವಿ. ಎರಡನೆಯ ಬಗೆಯ ಕ್ಷಯದ ನಂತರ ರೇಡಾನ್ ನ್ಯೂಕ್ಲಿಯಸ್ ಹೊರಸೂಸುವ ಗಾಮಾ ಕಿರಣದ ಶಕ್ತಿಯನ್ನು ಅಳೆದರೆ ಅದು 186 ಕೆಇವಿ. ಈ ಮೂರು ಕೆಇವಿಯ ಕೊರತೆ ಅಳತೆಯ ದೋಷದಿಂದ ಬಂದದ್ದಲ್ಲ. ಆಲ್ಫಾ ಕಣಗಳ ಶಕ್ತಿಯನ್ನು ಮಾತ್ರ ನೋಡಿದಾಗ ಹಿಮ್ಮೆಟ್ಟುವ ನ್ಯೂಕ್ಲಿಯಸ್ಸಿನ ಪಾಲು ಲೆಕ್ಕದಿಂದ ಬಿಟ್ಟುಹೋಗುತ್ತದೆ. 183ನ್ನು 226ರಿಂದ ಗುಣಿಸಿ 222ರಿಂದ ಭಾಗಿಸಿದರೆ 186 ಬರುತ್ತದೆ. ಹಿಮ್ಮೆಟ್ಟುವಿಕೆಯನ್ನು ಬಿಟ್ಟು ಲೆಕ್ಕ ಮಾಡುವವರಿಗೆ ಗಾಮಾ ಕಿರಣದ ಶಕ್ತಿ ಎಂದೂ ಹೊಂದಿಕೆಯಾಗುವುದಿಲ್ಲ. ಪೊಲೋನಿಯಂ-210ರಲ್ಲಿ ಇಂಥ ಉತ್ತೇಜಿತ ಸ್ಥಿತಿಗೆ ಹೋಗುವ ಕ್ಷಯಗಳು ಲಕ್ಷಕ್ಕೆ ಒಂದರಷ್ಟು ಮಾತ್ರ. ಅದನ್ನು ಮೊದಲ ಉದಾಹರಣೆಯಾಗಿ ಆರಿಸಿಕೊಂಡದ್ದು ಈ ಕಾರಣಕ್ಕೆ.

ಇಲ್ಲಿ ಕ್ವಾಂಟಮ್ ಸಿದ್ಧಾಂತವನ್ನು ಓದಿದವರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸೀಸ ಮತ್ತು ಆಲ್ಫಾ ಕಣಗಳೆರಡೂ ಧನ ಆವೇಶದವು. ಅವು ಪರಸ್ಪರ ತಾಗುವಷ್ಟು ಹತ್ತಿರವಿದ್ದಾಗ ವಿಕರ್ಷಣೆಯ ಸ್ಥಿತಿಜ ಶಕ್ತಿ ಸುಮಾರು 26 ಎಂಇವಿ. ಹೊರಬರುವ ಕಣಕ್ಕೆ ಇರುವುದು ಕೇವಲ ಐದು ಚಿಲ್ಲರೆ ಎಂಇವಿ. 1928ರಲ್ಲಿ ಜಾರ್ಜ್ ಗ್ಯಾಮೋ ಒಂದು ಕಡೆ, ಗರ್ನಿ ಮತ್ತು ಕಾಂಡನ್ ಇನ್ನೊಂದು ಕಡೆ, ಕಣವು ಈ ತಡೆಗೋಡೆಯನ್ನು ಏರದೆ ಅದರ ಮೂಲಕವೇ ಹಾದುಬರುವ ಸಂಭವನೀಯತೆಯನ್ನು ಲೆಕ್ಕಹಾಕಿ ತೋರಿಸಿದರು. ಇದನ್ನು ವಿವರಿಸುವಾಗ, ಕಣವು ಸ್ವಲ್ಪ ಹೊತ್ತು ಶಕ್ತಿಯನ್ನು ಸಾಲ ಪಡೆದು ಗೋಡೆ ಹತ್ತಿ ಇಳಿಯುತ್ತದೆ ಎಂದು ಹೇಳುವ ರೂಢಿಯಿದೆ. ಈ ಮಾತನ್ನು ಕೈಬಿಡುವುದು ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ಕ್ಷಯದ ಯಾವ ಹಂತದಲ್ಲಿಯೂ ವ್ಯವಸ್ಥೆಯ ಒಟ್ಟು ಶಕ್ತಿ 5.407 ಎಂಇವಿಗಿಂತ ಹೆಚ್ಚಾಗುವುದಿಲ್ಲ. ಎರಡೂ ಕಾಯಗಳು ಸುಮಾರು 44 ಫೆಂಟೋಮೀಟರ್ (ಒಂದು ಫೆಂಟೋಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯ ಒಂದು ಭಾಗ) ದೂರವಾದಾಗ ಸ್ಥಿತಿಜ ಶಕ್ತಿ ಈ ಮೌಲ್ಯಕ್ಕೆ ಸಮನಾಗುತ್ತದೆ. ಕಣವು ತಡೆಗೋಡೆಯ ಹೊರಬದಿಯಲ್ಲಿ ಕಾಣಿಸಿಕೊಳ್ಳುವುದು ಅಲ್ಲಿ. ಆ ಜಾಗದಲ್ಲಿ ಚಲನಶಕ್ತಿ ಹೆಚ್ಚುಕಡಿಮೆ ಸೊನ್ನೆ. ಅಲ್ಲಿಂದ ಮುಂದೆ ವಿದ್ಯುತ್ ವಿಕರ್ಷಣೆಯೇ ಎರಡನ್ನೂ ಎರಡು ದಿಕ್ಕಿಗೆ ತಳ್ಳುತ್ತದೆ, ಸ್ಥಿತಿಜ ಶಕ್ತಿಯೆಲ್ಲ ಚಲನಶಕ್ತಿಯಾಗುತ್ತದೆ, ಮತ್ತು ತಳ್ಳುವ ಬಲ ಎರಡರ ಮೇಲೂ ಸಮನಾಗಿರುವುದರಿಂದ ಸಂವೇಗವೂ ಸಮನಾಗಿ ಬೆಳೆಯುತ್ತದೆ.

ಟನಲಿಂಗ್ ಎಂದು ಕರೆಯುವ ಈ ಹಾದುಬರುವಿಕೆ ಶಕ್ತಿಯ ಹಂಚಿಕೆಯನ್ನು ಬದಲಿಸುವುದಿಲ್ಲ; ಅದು ನಿರ್ಧರಿಸುವುದು ಕಾಲವನ್ನು. ಥೋರಿಯಂ-232ರ ಆಲ್ಫಾ ಕಣದ ಶಕ್ತಿ 4.01 ಎಂಇವಿ, ಅರ್ಧಾಯು (ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) 1,400 ಕೋಟಿ ವರ್ಷ. ಪೊಲೋನಿಯಂ-212ರ ಆಲ್ಫಾ ಕಣದ ಶಕ್ತಿ 8.78 ಎಂಇವಿ, ಅರ್ಧಾಯು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಮೂರನೆಯ ಒಂದರಷ್ಟೂ ಇಲ್ಲ. ಶಕ್ತಿ ಎರಡು ಪಟ್ಟು ಮತ್ತು ಸ್ವಲ್ಪ ಹೆಚ್ಚಾದರೆ ಅರ್ಧಾಯು ಹತ್ತರ ಇಪ್ಪತ್ತನಾಲ್ಕನೆಯ ಘಾತದಷ್ಟು ಕುಗ್ಗುತ್ತದೆ.

ಈಗ ಮತ್ತೆ ಹಿಮ್ಮೆಟ್ಟುವ ನ್ಯೂಕ್ಲಿಯಸ್ಸಿಗೆ ಬರೋಣ. ಶೇಕಡಾ ಎರಡು ಎಂದರೆ ಉಪೇಕ್ಷಿಸಬಹುದಾದದ್ದು ಎಂಬ ಭಾವನೆ ಸಹಜ. ಅದೇ 5.4 ಎಂಇವಿ ಶಕ್ತಿಯು ಒಂದು ಗಾಮಾ ಕಿರಣವಾಗಿ ಹೊರಟಿದ್ದರೆ ಸೀಸದ ನ್ಯೂಕ್ಲಿಯಸ್ಸಿಗೆ ಸಿಗುತ್ತಿದ್ದ ಪಾಲು ಸುಮಾರು 75 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಬಿಸ್ಮತ್-210ರ ಬೀಟಾ ಕ್ಷಯದಲ್ಲಿ ನ್ಯೂಕ್ಲಿಯಸ್ಸಿಗೆ ಸಿಗುವುದು ಹೆಚ್ಚೆಂದರೆ ಆರೇಳು ಎಲೆಕ್ಟ್ರಾನ್ ವೋಲ್ಟ್. ಆಲ್ಫಾ ಕ್ಷಯದಲ್ಲಿ ಸಿಗುವುದು 1,03,000 ಎಲೆಕ್ಟ್ರಾನ್ ವೋಲ್ಟ್. ಒಂದೇ ಪ್ರಮಾಣದ ಶಕ್ತಿಗೆ ಭಾರವಾದ ಕಣ ಹೊತ್ತೊಯ್ಯುವ ಸಂವೇಗ ಹೆಚ್ಚು; ಆ ಸಂವೇಗವನ್ನು ಸರಿದೂಗಿಸಲು ನ್ಯೂಕ್ಲಿಯಸ್ ಅಷ್ಟೇ ಬಿರುಸಾಗಿ ಹಿಂದಕ್ಕೆ ಹೋಗಲೇಬೇಕು.

ಪರಮಾಣು ಒಂದು ಗಟ್ಟಿ ಲೋಹದೊಳಗೆ ಸಿಕ್ಕಿಕೊಂಡಿದ್ದರೆ ಇಡೀ ತುಂಡೇ ಹಿಮ್ಮೆಟ್ಟಬೇಕಲ್ಲವೇ, ಆಗ ನ್ಯೂಕ್ಲಿಯಸ್ಸಿನ ಪಾಲು ಇಲ್ಲವಾಗಬೇಕಲ್ಲವೇ ಎಂದು ಕೇಳಬಹುದು. ಕಡಿಮೆ ಶಕ್ತಿಯ ಗಾಮಾ ಕಿರಣಗಳ ವಿಷಯದಲ್ಲಿ ಅಂಥದ್ದು ನಿಜಕ್ಕೂ ನಡೆಯುತ್ತದೆ. ಮೊಸ್‌ಬೌವರ್ ಪರಿಣಾಮ ಅದೇ. ಆದರೆ ಘನವಸ್ತುವಿನಲ್ಲಿ ಒಂದು ಪರಮಾಣುವನ್ನು ಅದರ ಜಾಗದಿಂದ ಕಿತ್ತೆಸೆಯಲು ಕೆಲವು ಹತ್ತು ಎಲೆಕ್ಟ್ರಾನ್ ವೋಲ್ಟುಗಳು ಸಾಕು. ಒಂದು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಪಡೆದ ನ್ಯೂಕ್ಲಿಯಸ್ಸಿಗೆ ಸುತ್ತಲಿನ ಬಂಧಗಳು ಯಾವ ಲೆಕ್ಕಕ್ಕೂ ಇಲ್ಲ. ಅದು ಕೆಲವು ಹತ್ತು ನ್ಯಾನೋಮೀಟರ್ ದೂರ ಸಾಗಿ, ದಾರಿಯಲ್ಲಿನ ನೂರಾರು ಪರಮಾಣುಗಳನ್ನು ಸ್ಥಾನಪಲ್ಲಟಗೊಳಿಸಿ ನಿಲ್ಲುತ್ತದೆ. ಆಲ್ಫಾ ಕಣವೂ ಅದೇ ತುಂಡಿನೊಳಗೆ ನಿಂತರೆ, ಎರಡೂ ಒಪ್ಪಿಸಿದ ಸಂವೇಗಗಳು ಪರಸ್ಪರ ರದ್ದಾಗಿ ತುಂಡು ಇದ್ದಲ್ಲಿಯೇ ಇರುತ್ತದೆ. ಶಕ್ತಿಗೆ ದಿಕ್ಕಿಲ್ಲದ ಕಾರಣ ಅದು ರದ್ದಾಗುವುದಿಲ್ಲ, ಪೂರ್ತಿಯಾಗಿ ಶಾಖವಾಗುತ್ತದೆ. ಪ್ಲುಟೋನಿಯಂ-238ರ ಒಂದು ಗ್ರಾಂ ಸುಮಾರು 0.57 ವ್ಯಾಟ್ ಶಾಖ ಕೊಡುವುದೂ, 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಆ ಶಾಖದಿಂದ ವಿದ್ಯುತ್ ಪಡೆಯುತ್ತಿರುವುದೂ ಹೀಗೆ.

ಅಳತೆಯಲ್ಲಿ ಈ ಎರಡು ಪಾಲುಗಳನ್ನು ಬೇರೆಯಾಗಿಯೂ ಒಟ್ಟಾಗಿಯೂ ಹಿಡಿಯಬಹುದು. ತೆಳುವಾದ ಆಕರವನ್ನು ನಿರ್ವಾತದಲ್ಲಿ ಸಿಲಿಕಾನ್ ಪತ್ತೆಕಾರಕದ ಎದುರಿಗಿಟ್ಟರೆ ಆಲ್ಫಾ ಕಣದ ಶಕ್ತಿ ಮಾತ್ರ ದಾಖಲಾಗುತ್ತದೆ. ಆಕರವು ಪತ್ತೆಕಾರಕದ ಒಳಗೇ ಇದ್ದು, ಆ ಪತ್ತೆಕಾರಕವು ಉಷ್ಣತೆಯ ಏರಿಕೆಯನ್ನು ಅಳೆಯುವಂಥದ್ದಾದರೆ ಒಟ್ಟು ಶಕ್ತಿ ಸಿಗುತ್ತದೆ. ಸ್ಥಿರವೆಂದೇ ಬಹುಕಾಲ ಭಾವಿಸಲಾಗಿದ್ದ ಬಿಸ್ಮತ್-209 ಕೂಡ ಆಲ್ಫಾ ಕ್ಷಯ ಹೊಂದುತ್ತದೆ ಎಂದು 2003ರಲ್ಲಿ ಫ್ರಾನ್ಸಿನ ಓರ್ಸೆಯ ಸಂಶೋಧಕರು ಪ್ರಕಟಿಸಿದ್ದು ಈ ವಿಧಾನದಿಂದ. ಬಿಸ್ಮತ್ ಇರುವ ಹರಳನ್ನೇ ಅತಿಶೀತಲ ಸ್ಥಿತಿಯಲ್ಲಿಟ್ಟು ಪತ್ತೆಕಾರಕವಾಗಿ ಬಳಸಿದಾಗ ಸಂಕೇತ ಬಂದದ್ದು 3.14 ಎಂಇವಿಯ ಬಳಿ. ಆಲ್ಫಾ ಕಣದ ಪಾಲು ಅದರಲ್ಲಿ 3.08 ಮಾತ್ರ. ಆ ಕ್ಷಯದ ಅರ್ಧಾಯು 1.9ನ್ನು ಹತ್ತರ ಹತ್ತೊಂಬತ್ತನೆಯ ಘಾತದಿಂದ ಗುಣಿಸಿದಷ್ಟು ವರ್ಷ, ಅಂದರೆ ವಿಶ್ವದ ಈಗಿನ ವಯಸ್ಸಿನ ನೂರು ಕೋಟಿ ಪಟ್ಟಿಗಿಂತಲೂ ಹೆಚ್ಚು.

ಹಿಮ್ಮೆಟ್ಟುವಿಕೆಯ ಕುರುಹನ್ನು ಮೊದಲು ಗಮನಿಸಿದವರು ಕೆನಡಾದ ಭೌತವಿಜ್ಞಾನಿ ಹ್ಯಾರಿಯೆಟ್ ಬ್ರೂಕ್ಸ್. ವಿಕಿರಣಶೀಲ ಲೇಪವಿದ್ದ ತಟ್ಟೆಯಿಂದ ಸ್ವಲ್ಪ ಪದಾರ್ಥ ಎದುರಿನ ಮೇಲ್ಮೈಗೆ ಹೋಗಿ ಕೂರುತ್ತದೆ ಎಂದು ಅವರು 1904ರಲ್ಲಿ ವರದಿ ಮಾಡಿದರು. ಆಗ ಅದನ್ನು ಆವಿಯಾಗುವಿಕೆ ಎಂದು ಭಾವಿಸಲಾಗಿತ್ತು. 1909ರಲ್ಲಿ ಓಟೋ ಹಾನ್ ಮತ್ತು ಲೀಸಾ ಮೈಟ್ನರ್ ಇದೇ ಚಿಮ್ಮುವಿಕೆಯನ್ನು ಜನ್ಯ ಧಾತುಗಳನ್ನು ಶುದ್ಧವಾಗಿ ಬೇರ್ಪಡಿಸುವ ವಿಧಾನವಾಗಿ ಬೆಳೆಸಿದರು. ಬ್ರೂಕ್ಸ್ ಅವರ ಹೆಸರು ಈ ಪ್ರಸಂಗದಲ್ಲಿ ಇನ್ನೂ ಹೆಚ್ಚು ಕೇಳಿಬರಬೇಕಾದದ್ದು ನ್ಯಾಯ.

ನೆಲದೊಳಗೂ ಇದೇ ನಡೆಯುತ್ತದೆ. ಖನಿಜದ ಕಣದಲ್ಲಿರುವ ರೇಡಿಯಂ ಕ್ಷಯಿಸಿದಾಗ ಹುಟ್ಟುವ ರೇಡಾನ್ 86 ಕೆಇವಿಯೊಂದಿಗೆ ಹಿಮ್ಮೆಟ್ಟುತ್ತದೆ. ಕಣದ ಮೇಲ್ಮೈಗೆ ಕೆಲವು ಹತ್ತು ನ್ಯಾನೋಮೀಟರ್ ಸಮೀಪದಲ್ಲಿ ಹುಟ್ಟಿದ ಪರಮಾಣುಗಳು ಹೀಗೆ ಮಣ್ಣಿನ ರಂಧ್ರಗಳಿಗೆ ಬಂದು ಸೇರುತ್ತವೆ. ಯುರೇನಿಯಂ-238 ಕ್ಷಯಿಸಿದಾಗ ಹಿಮ್ಮೆಟ್ಟುವ ಥೋರಿಯಂ-234 ಎರಡು ಬೀಟಾ ಕ್ಷಯಗಳ ನಂತರ ಯುರೇನಿಯಂ-234 ಆಗುತ್ತದೆ. ಚಿಮ್ಮಿ ನೀರಿಗೆ ಬಿದ್ದದ್ದರಿಂದಲೋ, ಹರಳಿನ ಹಾನಿಗೊಂಡ ಭಾಗದಲ್ಲಿ ಸಡಿಲವಾಗಿ ಕುಳಿತದ್ದರಿಂದಲೋ ಅದು ತನ್ನ ಜನಕಕ್ಕಿಂತ ಸುಲಭವಾಗಿ ಕರಗುತ್ತದೆ. ಸಮುದ್ರದ ನೀರಿನಲ್ಲಿ ಯುರೇನಿಯಂ-234ರ ವಿಕಿರಣ ಚಟುವಟಿಕೆ ಯುರೇನಿಯಂ-238ರದಕ್ಕಿಂತ ಶೇಕಡಾ 14ರಿಂದ 15ರಷ್ಟು ಹೆಚ್ಚಿರುವುದಕ್ಕೆ ಇದು ಮುಖ್ಯ ಕಾರಣ. ಹವಳಗಳ ಕಾಲನಿರ್ಣಯ ಮಾಡುವವರು ಈ ಅನುಪಾತವನ್ನು ಬಳಸುತ್ತಾರೆ.

ಇಂದು ಈ ಶೇಕಡಾ ಎರಡು ಅತ್ಯಂತ ತೀವ್ರವಾಗಿ ಕಾಡುತ್ತಿರುವುದು ಕ್ಯಾನ್ಸರ್ ಚಿಕಿತ್ಸೆಯ ಸಂಶೋಧನೆಯಲ್ಲಿ. ಆಲ್ಫಾ ಕಣವು ಅಂಗಾಂಶದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ದೂರ ಸಾಗಿ ತನ್ನ ಶಕ್ತಿಯನ್ನೆಲ್ಲ ಕೆಲವೇ ಜೀವಕೋಶಗಳಲ್ಲಿ ಸುರಿಯುವುದರಿಂದ, ಆಲ್ಫಾ ಆಕರವನ್ನು ಗೆಡ್ಡೆಯ ಕೋಶಗಳನ್ನು ಹುಡುಕಿ ಅಂಟಿಕೊಳ್ಳುವ ಅಣುವಿಗೆ ಕಟ್ಟಿ ಕಳುಹಿಸುವ ಪ್ರಯತ್ನ ನಡೆದಿದೆ. ಹತ್ತು ದಿನಗಳ ಆಸುಪಾಸಿನ ಅರ್ಧಾಯುವಿನ ಆಕ್ಟಿನಿಯಂ-225 ಅಂಥ ಒಂದು ಆಕರ. ಅದನ್ನು ಹಿಡಿದಿಟ್ಟಿರುವ ರಾಸಾಯನಿಕ ಬಂಧಗಳ ಶಕ್ತಿ ಕೆಲವು ಎಲೆಕ್ಟ್ರಾನ್ ವೋಲ್ಟ್. ಮೊದಲ ಕ್ಷಯದಲ್ಲಿಯೇ ಜನ್ಯ ಫ್ರಾನ್ಸಿಯಂ-221 ಪಡೆಯುವುದು ಸುಮಾರು 100 ಕೆಇವಿ. ಬಂಧ ಉಳಿಯುವುದಿಲ್ಲ. ಫ್ರಾನ್ಸಿಯಂ ಮತ್ತು ಅದರ ನಂತರದ ಅಸ್ಟಟೈನ್, ಬಿಸ್ಮತ್‌ಗಳೂ ವಿಕಿರಣಶೀಲವಾಗಿದ್ದು, ರಕ್ತದೊಡನೆ ಹರಿದು ಮೂತ್ರಪಿಂಡದಂಥ ಆರೋಗ್ಯವಂತ ಅಂಗಗಳನ್ನು ತಲುಪಬಹುದು. ಎಷ್ಟೇ ಬಲವಾದ ರಾಸಾಯನಿಕ ಹಿಡಿತವನ್ನು ರೂಪಿಸಿದರೂ ಇದನ್ನು ತಡೆಯಲಾಗದು, ಏಕೆಂದರೆ ಸಂವೇಗ ಸಂರಕ್ಷಣೆ ಕೇಳುವ ಶಕ್ತಿಗೂ ರಸಾಯನಶಾಸ್ತ್ರ ಕೊಡಬಲ್ಲ ಶಕ್ತಿಗೂ ಸಾವಿರಾರು ಪಟ್ಟು ಅಂತರವಿದೆ. ಆದ್ದರಿಂದ ಸಂಶೋಧಕರು ಬೇರೆ ದಾರಿಗಳನ್ನು ಹಿಡಿದಿದ್ದಾರೆ: ಅಣುವು ಕೋಶದ ಒಳಗೆ ಬೇಗನೆ ಸೇರಿಕೊಂಡು ಜನ್ಯ ಧಾತುಗಳೂ ಅಲ್ಲಿಯೇ ಉಳಿಯುವಂತೆ ಮಾಡುವುದು, ಆಕರವನ್ನು ನ್ಯಾನೋಕಣಗಳೊಳಗೆ ಹುದುಗಿಸಿ ಹಿಮ್ಮೆಟ್ಟುವ ನ್ಯೂಕ್ಲಿಯಸ್ ಅವುಗಳೊಳಗೇ ನಿಲ್ಲುವಂತೆ ಮಾಡುವುದು, ಇಲ್ಲವೇ ಈ ಕ್ಷಯಗಳ ಸರಪಳಿಯ ಕೊನೆಯ ಭಾಗದಲ್ಲಿರುವ ಬಿಸ್ಮತ್-213ನ್ನು ಮೊದಲೇ ಬೇರ್ಪಡಿಸಿ ಅದನ್ನಷ್ಟೇ ಬಳಸುವುದು. ಬಿಸ್ಮತ್-213ರ ಅರ್ಧಾಯು ಮುಕ್ಕಾಲು ಗಂಟೆಯ ಆಸುಪಾಸಿನದು. ಅದನ್ನು ಬೇರ್ಪಡಿಸಿ, ಅಣುವಿಗೆ ಕಟ್ಟಿ, ರೋಗಿಗೆ ಕೊಡುವ ಕೆಲಸವೆಲ್ಲ ಅಷ್ಟರೊಳಗೆ ಮುಗಿಯಬೇಕು.